ಆಟೋಗೆ ಬಾಗಿಲಿಲ್ಲ: ಪುಟ್ಟ ಮಕ್ಕಳ ‘ಯಾಕೆ’ಗೆ ನಾವು ಎಷ್ಟು ಜಾಗ ಬಿಟ್ಟಿದ್ದೇವೆ?

ಜುಲೈನಲ್ಲಿ ಒಂದು ಸಂಜೆ ಮಗಳ ಯುಕೆಜಿ ಬ್ಯಾಗಿನಿಂದ ಒಂದು ವರ್ಕ್‌ಶೀಟ್ ಹೊರಗೆ ಬಂತು. ನಾಲ್ಕು ಚಿತ್ರ: ಬಸ್ಸು, ಕಾರು, ಆಟೋ, ವಿಮಾನ. ಗುಂಪಿಗೆ ಸೇರದ್ದಕ್ಕೆ ಸುತ್ತು ಹಾಕಬೇಕು. ಅವಳು ಆಟೋಗೆ ಸುತ್ತು ಹಾಕಿದ್ದಳು. ಅದರ ಮೇಲೆ ಕೆಂಪು ಇಂಕಿನಲ್ಲಿ ಇಂಟು ಗುರುತು. ಸರಿ ಉತ್ತರ ವಿಮಾನ ಅಂತ ಮಿಸ್ ಪಕ್ಕದಲ್ಲೇ ತೋರಿಸಿದ್ದರು.

‘ಆಟೋ ಯಾಕೆ ಪುಟ್ಟಿ?’ ಅಂತ ಕೇಳಿದೆ. ಅವಳ ಮುಖ ಆಗಲೇ ಸಣ್ಣಗಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: ‘ಅದಕ್ಕೆ ಬಾಗ್ಲೇ ಇಲ್ವಲ್ಲಮ್ಮ.’

ನಾನು ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಬಸ್ಸಿಗೆ ಬಾಗಿಲಿದೆ, ಕಾರಿಗಿದೆ, ವಿಮಾನಕ್ಕೂ ಇದೆ. ಮೂರರಲ್ಲಿ ಇರುವುದು ನಾಲ್ಕನೆಯದರಲ್ಲಿ ಇಲ್ಲ ಅಂತ ಐದು ವರ್ಷದ ಮಗು ತಾನೇ ಕಂಡುಕೊಂಡಿದೆ. ವಿಶ್ಲೇಷಣೆ ಅಂದರೆ ಇದೇ ಅಲ್ವಾ? ಹಾಳೆಯಲ್ಲಿ ಸುತ್ತು ಹಾಕಲು ಜಾಗ ಇತ್ತು. ಕಾರಣ ಹೇಳಲು ಇರಲಿಲ್ಲ.

ಒಂದು ಶಾಲೆಯನ್ನೋ ಒಬ್ಬ ಮಿಸ್ಸನ್ನೋ ದೂರಲು ಇದನ್ನು ಬರೆಯುತ್ತಿಲ್ಲ. ಮೂರರಿಂದ ಆರು ವರ್ಷದ ಮಕ್ಕಳ ತಲೆ ಚುರುಕಾಗಲಿ ಅಂತ ನಾವು ಏನೇನೋ ಮಾಡುತ್ತಿದ್ದೇವೆ. ಫ್ಲ್ಯಾಶ್ ಕಾರ್ಡು ತರುತ್ತೇವೆ, ಆ್ಯಪ್ ಹಾಕಿಕೊಡುತ್ತೇವೆ, ‘ಬ್ರೈನ್ ಡೆವಲಪ್‌ಮೆಂಟ್’ ಅಂತ ಬೋರ್ಡು ಇರುವ ಕಡೆ ಫೀಸು ಕಟ್ಟುತ್ತೇವೆ. ಯೋಚನೆ ಮಾಡೋದನ್ನು ಹೊರಗಿನಿಂದ ತಂದು ಮಗುವಿನೊಳಗೆ ತುಂಬಬೇಕು ಅನ್ನುವ ನಂಬಿಕೆ ಇದರ ಹಿಂದೆ ಇದೆ. ನನಗೆ ಅದು ಬುಡದಲ್ಲೇ ತಪ್ಪು ಅನಿಸುತ್ತದೆ. ಮಗು ಆಗಲೇ ಯೋಚಿಸುತ್ತಿದೆ. ಇಲ್ಲದೇ ಇರೋದು, ಕೇಳಿ ಸುಮ್ಮನೆ ಕಾಯುವ ಒಬ್ಬ ದೊಡ್ಡ ಮನುಷ್ಯ. ಆ ಮನುಷ್ಯನಿಗೆ ಬೇಕಾದ ಸಮಯ.

ಮೊದಲು ಮನೆಯದೇ ಒಂದು ವಿಷಯ ಹೇಳುತ್ತೇನೆ. ನಮ್ಮತ್ತೆ ಹುರಿದ ಕಡಲೆಬೀಜ ಉಜ್ಜಿ, ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರುತ್ತಿದ್ದರು. ಸಿಪ್ಪೆಯೆಲ್ಲ ಹಾರಿ ಅಂಗಳಕ್ಕೆ ಹೋಗುತ್ತಿತ್ತು, ಬೀಜ ಮೊರಕ್ಕೇ ಬೀಳುತ್ತಿತ್ತು. ಮಗಳು ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು.

‘ಅಜ್ಜಿ, ಬೀಜ ಯಾಕೆ ಹಾರಲ್ಲ?’

‘ನೀನೇ ಹೇಳು ನೋಡೋಣ.’

‘ಬೀಜ ದೊಡ್ಡದು. ಅದಕ್ಕೆ.’

ಅತ್ತೆ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಒಗ್ಗರಣೆ ಡಬ್ಬಿ ತರಿಸಿ ಒಂದು ಚಿಟಿಕೆ ಸಾಸಿವೆ ಮೊರಕ್ಕೆ ಹಾಕಿ ಕೇರಿದರು. ಸಾಸಿವೆ ಅಲ್ಲೇ ಉಳಿಯಿತು. ಆಮೇಲೆ ಬುಟ್ಟಿಯಿಂದ ಈರುಳ್ಳಿಯ ಒಣ ಸಿಪ್ಪೆ ಎತ್ತಿ ಹಾಕಿದರು. ಕಡಲೆಬೀಜಕ್ಕಿಂತ ಎಷ್ಟೋ ದೊಡ್ಡದು, ಒಂದೇ ಸಲಕ್ಕೆ ಹಾರಿಹೋಯಿತು. ಮಗಳು ಎದ್ದು ಆ ಸಿಪ್ಪೆ ಹೆಕ್ಕಿಕೊಂಡು ಬಂದಳು. ಮತ್ತೆ ಹಾಕಿ ಅಂದಳು. ಮತ್ತೆ ಹಾರಿತು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ದೊಡ್ಡದು ಸಣ್ಣದು ಅಲ್ಲ ಅಜ್ಜಿ. ಭಾರ ಇಲ್ದೇ ಇರೋದು ಹಾರತ್ತೆ’ ಅಂದಳು.

ಇದೂ ಪೂರ್ತಿ ಸರಿಯಲ್ಲ. ಒಂದು ಸಾಸಿವೆ ಕಾಳಿಗಿಂತ ಈರುಳ್ಳಿ ಸಿಪ್ಪೆಯೇ ಭಾರ. ಸಿಪ್ಪೆ ತೆಳ್ಳಗೆ ಅಗಲವಾಗಿರೋದರಿಂದ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ನಾನು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡಿ ಬೇಡ ಅಂತ ತಲೆ ಆಡಿಸಿದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಆ ಹತ್ತು ನಿಮಿಷದಲ್ಲಿ ಮಗು ಒಂದು ಊಹೆ ಮಾಡಿತು, ಅದಕ್ಕೆ ಎದುರಾದ ಸಾಕ್ಷಿ ನೋಡಿತು, ಸುಮ್ಮನೆ ನಂಬದೆ ಇನ್ನೊಂದು ಸಲ ಪರೀಕ್ಷೆ ಮಾಡಿತು, ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಈ ನಾಲ್ಕೂ ನಡೆದದ್ದು ಅವರು ಉತ್ತರ ಕೊಡದೇ ಇದ್ದುದರಿಂದ.

ಇದು ಒಂದು ಮನೆಯ ಕತೆ ಅಷ್ಟೇ ಅಂತ ಅನಿಸಬಹುದು. ಆದರೆ ಪುಟ್ಟ ಮಕ್ಕಳ ಬಗ್ಗೆ ಸಂಶೋಧನೆ ಮಾಡಿದವರು ಕಂಡದ್ದೂ ಇದೇ ಥರದ್ದು. ಅಮೆರಿಕದ ಅಲಿಸನ್ ಗೋಪ್ನಿಕ್ ಮತ್ತು ಡೇವಿಡ್ ಸೋಬೆಲ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಪೆಟ್ಟಿಗೆ ಇತ್ತು. ಕೆಲವು ಮರದ ತುಂಡು ಇಟ್ಟರೆ ಅದು ಬೆಳಗಿ ಹಾಡುತ್ತದೆ, ಕೆಲವು ಇಟ್ಟರೆ ಇಲ್ಲ. ಯಾವುದಕ್ಕೆ ಆ ಶಕ್ತಿ ಇದೆ ಅಂತ ಹೇಳಬೇಕು. ಮೂರು ನಾಲ್ಕು ವರ್ಷದ ಮಕ್ಕಳು ತುಂಡಿನ ಬಣ್ಣ, ಆಕಾರ ನೋಡಿ ಮೋಸ ಹೋಗದೆ, ಅದು ಏನು ಮಾಡುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ತಗೊಂಡು ವಿಂಗಡಿಸುತ್ತಿದ್ದರು.

ನನಗೆ ಇದಕ್ಕಿಂತ ಜಾಸ್ತಿ ತಟ್ಟಿದ್ದು 2011ರ ಇನ್ನೊಂದು ಅಧ್ಯಯನ. ಎಲಿಜಬೆತ್ ಬೊನಾವಿಟ್ಜ್, ಲಾರಾ ಶುಲ್ಜ್ ಮತ್ತು ಜೊತೆಯವರು ಮಾಡಿದ್ದು. ಮಕ್ಕಳು ಮೊದಲು ನೋಡಿರದ ಒಂದು ಆಟಿಕೆ. ಅದರಲ್ಲಿ ಹಲವು ಗುಟ್ಟುಗಳಿವೆ: ಒಂದು ಕೊಳವೆ ಎಳೆದರೆ ಸದ್ದು, ಇನ್ನೊಂದರ ಒಳಗೆ ಕನ್ನಡಿ, ಹೀಗೆ. ಕೆಲವು ಮಕ್ಕಳಿಗೆ ‘ನೋಡು, ಇದು ಹೀಗೆ ಕೆಲಸ ಮಾಡುತ್ತೆ’ ಅಂತ ಒಂದನ್ನು ಕಲಿಸಿಕೊಟ್ಟರು. ಬೇರೆ ಮಕ್ಕಳಿಗೆ ಹಾಗೆ ಕಲಿಸಲಿಲ್ಲ. ಕಲಿಸಿಕೊಟ್ಟ ಮಕ್ಕಳು ಆ ಒಂದನ್ನೇ ಮತ್ತೆ ಮತ್ತೆ ಮಾಡಿ ಆಟಿಕೆ ಕೆಳಗಿಟ್ಟರು. ಉಳಿದವರು ಜಾಸ್ತಿ ಹೊತ್ತು ಆಡಿದರು, ಜಾಸ್ತಿ ಗುಟ್ಟು ಕಂಡುಹಿಡಿದರು. ಕಲಿಸಲೇಬಾರದು ಅಂತ ಇದರ ಅರ್ಥ ಅಲ್ಲ. ಬೆಂಕಿ ಸುಡುತ್ತೆ ಅಂತ ಹೇಳಿಯೇ ಕೊಡಬೇಕು. ಆದರೆ ದೊಡ್ಡವರು ‘ಇದು ಇಷ್ಟೇ’ ಅನ್ನುವ ಧಾಟಿಯಲ್ಲಿ ಕಲಿಸಿದಾಗ ಮಗು ಅಲ್ಲಿಗೆ ಹುಡುಕೋದನ್ನು ನಿಲ್ಲಿಸುತ್ತದೆ. ಯಾಕೆಂದರೆ ಅದು ನಮ್ಮನ್ನು ನಂಬುತ್ತದೆ.

ಆ ನಂಬಿಕೆ ಎಷ್ಟು ಆಳ ಅಂದರೆ, ನಾವು ಪ್ರಶ್ನೆ ಕೇಳುವ ರೀತಿಯೇ ಮಗುವಿನ ಉತ್ತರ ಬದಲಿಸುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಅವರ ಹೆಸರು ಬಿ.ಎಡ್ ಮಾಡಿದವರಿಗೆಲ್ಲ ಗೊತ್ತು. ಎರಡು ಸಾಲು ಗುಂಡಿ ಸಮವಾಗಿ ಜೋಡಿಸಿ, ಒಂದು ಸಾಲನ್ನು ದೂರ ದೂರ ಹರಡಿ, ‘ಈಗ ಯಾವುದರಲ್ಲಿ ಜಾಸ್ತಿ?’ ಅಂತ ಕೇಳಿದರೆ ಪುಟ್ಟ ಮಕ್ಕಳು ಉದ್ದದ ಸಾಲನ್ನು ತೋರಿಸುತ್ತವೆ, ಅಂದರೆ ಎಣಿಕೆಯ ತರ್ಕ ಇನ್ನೂ ಬಂದಿಲ್ಲ ಅಂದರು ಅವರು. 1970ರ ದಶಕದಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗ ಮಾಡಿದರು. ಆದರೆ ಸಾಲು ಕೆಡಿಸಿದ್ದು ಮೇಷ್ಟ್ರಲ್ಲ, ಒಂದು ತುಂಟ ಕರಡಿ ಗೊಂಬೆ. ಆಗ ಎಷ್ಟೋ ಜಾಸ್ತಿ ಮಕ್ಕಳು ‘ಎರಡೂ ಒಂದೇ’ ಅಂತ ಸರಿಯಾಗಿ ಹೇಳಿದವು! ದೊಡ್ಡವರೇ ಸಾಲು ಬದಲಿಸಿ ಅದೇ ಪ್ರಶ್ನೆ ಎರಡನೇ ಸಲ ಕೇಳಿದರೆ, ‘ನನ್ನ ಮೊದಲ ಉತ್ತರ ತಪ್ಪಿರ್ಬೇಕು, ಇವರಿಗೆ ಬೇರೆ ಏನೋ ಬೇಕು’ ಅಂತ ಮಗು ಅಂದುಕೊಳ್ಳುತ್ತದೆ. ನಾವು ಮನೆಯಲ್ಲಿ ದಿನಾ ಮಾಡೋದು ಇದನ್ನೇ. ಮಗು ಏನೋ ಹೇಳುತ್ತದೆ, ‘ಸರಿಯಾಗಿ ನೋಡಿ ಹೇಳು’ ಅನ್ನುತ್ತೇವೆ, ಮಗು ಚಿತ್ರ ಬಿಟ್ಟು ನಮ್ಮ ಮುಖ ನೋಡುತ್ತದೆ. ನಮ್ಮ ಮುಖ ಓದಿ ಉತ್ತರ ಹೇಳೋದು ಅಲ್ಲಿಂದಲೇ ಶುರು.

ಇನ್ನೊಂದು, ಕಾಯುವುದು. ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಅಮೆರಿಕದ ಪ್ರಾಥಮಿಕ ಶಾಲೆಗಳ ವಿಜ್ಞಾನ ತರಗತಿಗಳನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಕಾರಣ ಕೊಡೋದು ಜಾಸ್ತಿಯಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. 3 ಸೆಕೆಂಡು ಅಂದರೆ ಏನೂ ಅಲ್ಲ ಅನಿಸುತ್ತೆ. ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಈಗ ಭಾಷೆಯ ವಿಷಯ. ಇದು ನನಗೆ ತುಂಬಾ ಮುಖ್ಯ ಅನಿಸುವುದರಿಂದ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ‘ಮಳೆ ಬಂತು.’ ‘ಮಳೆ ಬಂತಂತೆ.’ ‘ಮಳೆ ಬಂದಿರ್ಬೇಕು.’ ಮೂರನ್ನೂ ಜೋರಾಗಿ ಒಮ್ಮೆ ಹೇಳಿ ನೋಡಿ. ಮೊದಲನೆಯದು ನಾನೇ ಕಂಡದ್ದು. ಎರಡನೆಯದು ಯಾರೋ ಹೇಳಿ ಕೇಳಿದ್ದು. ಮೂರನೆಯದು ಅಂಗಳ ಒದ್ದೆಯಾಗಿರೋದನ್ನು ನೋಡಿ ನಾನೇ ತರ್ಕ ಮಾಡಿದ್ದು. ಕಂಡದ್ದು, ಕೇಳಿದ್ದು, ಊಹಿಸಿದ್ದು: ಈ ಮೂರರ ವ್ಯತ್ಯಾಸ ತಿಳಿಯೋದು ದೊಡ್ಡವರ ಯೋಚನೆಗೂ ಬುನಾದಿ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ನಂಬುವ ಈ ಕಾಲದಲ್ಲಂತೂ ಇನ್ನೂ ಜಾಸ್ತಿ. ಕನ್ನಡ ಅದನ್ನು ಕ್ರಿಯಾಪದದ ಬಾಲದಲ್ಲೇ ಕಟ್ಟಿಕೊಟ್ಟಿದೆ. ಕನ್ನಡ ಮಾತಾಡುವ ಮನೆಯ ಮಗು ‘ಅಪ್ಪ ಬಂದಿರ್ಬೇಕು, ಚಪ್ಪಲಿ ಇದೆ’ ಅನ್ನುವಾಗ ಸಾಕ್ಷಿಯನ್ನೂ ತೀರ್ಮಾನವನ್ನೂ ಒಂದೇ ಉಸಿರಲ್ಲಿ ಹೇಳುತ್ತದೆ.

ಅದೇ ಮಗು ನಾಲ್ಕನೇ ವರ್ಷಕ್ಕೆ ಇಂಗ್ಲಿಷ್ ಮಾತ್ರ ಆಡಬೇಕು ಅನ್ನುವ ತರಗತಿಗೆ ಹೋದರೆ ಏನಾಗುತ್ತದೆ? ಬಣ್ಣದ ಹೆಸರು, ಹಣ್ಣಿನ ಹೆಸರು ಬೇಗ ಬರುತ್ತದೆ. ‘ಬಂದಿರ್ಬೇಕು’ ಅನ್ನೋದು ಬರಲು ಇನ್ನೂ ಎಷ್ಟೋ ಸಮಯ ಬೇಕು. ಅಷ್ಟು ದಿನ ಮಗು ಆ ತರಗತಿಯಲ್ಲಿ ಹೆಸರು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಮಗಳೂ ಕಲಿಯುತ್ತಿದ್ದಾಳೆ, ಕಲಿಯಲಿ. ‘ಯಾಕೆ’ ಅನ್ನುವ ಪ್ರಶ್ನೆಯನ್ನು ಮಾತ್ರ ಮಗುವಿಗೆ ಬಾಯಿ ತುಂಬಾ ಬರುವ ಭಾಷೆಯಲ್ಲಿ ಕೇಳಿ. ಅದು ತುಳು ಇರಬಹುದು, ಉರ್ದು, ಕೊಂಕಣಿ, ತೆಲುಗು, ಲಂಬಾಣಿ ಇರಬಹುದು. ರಾಷ್ಟ್ರೀಯ ಶಿಕ್ಷಣ ನೀತಿ 2020 ಮತ್ತು ಆಮೇಲೆ ಅಕ್ಟೋಬರ್ 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಎರಡೂ ಈ ವಯಸ್ಸಿಗೆ ಮನೆಮಾತೇ ಸರಿ ಅನ್ನುತ್ತವೆ. ಆ ಚೌಕಟ್ಟಂತೂ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕವನ್ನೇ ಗೊತ್ತುಮಾಡಬಾರದು, ಆಟ, ಮಾತು, ಕತೆ, ಆಟಿಕೆಗಳಿಂದ ಕಲಿಕೆ ನಡೆಯಬೇಕು ಅಂತ ಸ್ಪಷ್ಟವಾಗಿ ಬರೆದಿದೆ.

ಕಾಗದದ ಮೇಲೆ ನಾವು ಚೆನ್ನಾಗಿಯೇ ಇದ್ದೇವೆ. ನೆಲದ ಮೇಲೆ ನೋಡೋಣ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಐವತ್ತು ವರ್ಷ ಆಯಿತು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಚಟುವಟಿಕೆ ಆಧಾರದ ‘ಚಿಲಿಪಿಲಿ’ ಪಠ್ಯಕ್ರಮವೂ ಇದೆ. ಆದರೆ ಒಂದು ಕೇಂದ್ರಕ್ಕೆ ಒಬ್ಬರು ಕಾರ್ಯಕರ್ತೆ, ಒಬ್ಬರು ಸಹಾಯಕಿ. ನಮ್ಮ ಊರಿನ ಅಂಗನವಾಡಿಯಲ್ಲಿ ಒಂದು ಬೆಳಗ್ಗೆ ಪೂರ್ತಿ ಕೂತಿದ್ದೆ. ಟೀಚರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹುಣಸೆಬೀಜ, ಗುಲಗಂಜಿ, ಬೆಣಚುಕಲ್ಲು ಬೆರೆಸಿ ಸುರಿದು ವಿಂಗಡಿಸಿ ಅಂದರು. ಒಬ್ಬ ಹುಡುಗ ಬಣ್ಣ ನೋಡಿ ಗುಂಪು ಮಾಡಿದ. ಇನ್ನೊಬ್ಬಳು ನುಣುಪಾಗಿರೋದು ಒಂದು ಕಡೆ, ಒರಟಾಗಿರೋದು ಒಂದು ಕಡೆ ಇಟ್ಟಳು. ‘ಯಾಕೆ ಹೀಗೆ ಮಾಡಿದೆ ಮರಿ?’ ಅಂತ ಟೀಚರು ಕೇಳುವ ಹೊತ್ತಿಗೆ ಬಾಣಂತಿಯೊಬ್ಬರು ಆಹಾರದ ಪೊಟ್ಟಣಕ್ಕೆ ಬಂದರು. ಆಮೇಲೆ ಫೋನು: ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ ಹಾಕಿ, ಫೋಟೋ ಕಳಿಸಿ. ಆಮೇಲೆ ತೂಕ. ಆ ಹುಡುಗಿ ಎರಡು ಗುಂಪು ಮುಂದಿಟ್ಟುಕೊಂಡು ಹೇಳಲು ಕಾಯುತ್ತಾ ಕೂತೇ ಇದ್ದಳು.

ಟೀಚರಿಗೆ ಪ್ರಶ್ನೆ ಕೇಳಲು ಬರುತ್ತಿತ್ತು. ಉತ್ತರ ಕೇಳಲು ಬಿಡುವಿರಲಿಲ್ಲ. ಇದಕ್ಕೆ ಪರಿಹಾರ ಏನು ಅನ್ನೋದಕ್ಕೆ ಪಕ್ಕದ ತಮಿಳುನಾಡಿನಲ್ಲೇ ಒಳ್ಳೆಯ ಸಾಕ್ಷಿ ಇದೆ. ಅಲ್ಲಿನ ಕೆಲವು ಅಂಗನವಾಡಿಗಳಿಗೆ ಶಾಲಾಪೂರ್ವ ಕಲಿಕೆ ನೋಡಿಕೊಳ್ಳಲೆಂದೇ ಅರ್ಧ ದಿನದ ಒಬ್ಬ ಕಾರ್ಯಕರ್ತೆಯನ್ನು ಹೆಚ್ಚುವರಿಯಾಗಿ ಕೊಟ್ಟು ಕಾರ್ತಿಕ್ ಮುರಳೀಧರನ್ ಮತ್ತಿತರ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಕಲಿಕೆಗೆ ಸಿಗುವ ಸಮಯ ಎರಡರಷ್ಟಾಯಿತು. ಮಕ್ಕಳ ಗಣಿತ, ಭಾಷೆ, ಗಮನವಿಟ್ಟು ಯೋಚಿಸುವ ಶಕ್ತಿ ಎಲ್ಲ ಸುಧಾರಿಸಿತು. ಮೊದಲಿನ ಕಾರ್ಯಕರ್ತೆಗೆ ಆರೋಗ್ಯದ ಕೆಲಸಕ್ಕೆ ಸಮಯ ಸಿಕ್ಕಿದ್ದರಿಂದ ಅಪೌಷ್ಟಿಕತೆಯೂ ಇಳಿಯಿತು. ಬೇಕಾಗಿದ್ದದ್ದು ಹೊಸ ಕಿಟ್ ಅಲ್ಲ, ಇನ್ನೊಬ್ಬ ಮನುಷ್ಯ.

ಇನ್ನು ಖಾಸಗಿ ಕಡೆ ಓಟ ಬೇರೆ ಥರ. 1ನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ನಮ್ಮ ಸರ್ಕಾರ 2022ರಲ್ಲಿ ಆದೇಶ ಮಾಡಿತು, 2025-26ರಿಂದ ಜಾರಿ ಅಂದಿತು. ಆ ವರ್ಷ ಬಂದಾಗ ಅಷ್ಟರಲ್ಲೇ ಯುಕೆಜಿ ಮುಗಿಸಿದ್ದ ಮಕ್ಕಳ ಅಪ್ಪ ಅಮ್ಮಂದಿರು ಗೋಳಾಡಿದರು, ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲ ಆಯಿತು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಕಟ್ಟಿದ ಫೀಸು ಯಾರದ್ದಾದರೂ ಫೀಸೇ. ಆದರೆ ಆ ಚರ್ಚೆಯಲ್ಲಿ ‘ಮಗುವಿಗೆ ಒಂದು ವರ್ಷ ದಂಡ’ ಅನ್ನುವ ಮಾತು ಎಷ್ಟು ಸಲ ಕೇಳಿದೆನೋ. ಐದನೇ ವರ್ಷದಲ್ಲಿ ಆಡಿಕೊಂಡು, ಕೇಳಿಕೊಂಡು ಕಳೆದ ಒಂದು ವರ್ಷ ದಂಡ ಹೇಗಾಗುತ್ತದೆ?

ಹಾಗಂತ ಆಟ ಆಡಿಸಿಬಿಟ್ಟರೆ ಎಲ್ಲ ತಾನಾಗೇ ಬರುತ್ತೆ ಅನ್ನೋದೂ ನಿಜ ಅಲ್ಲ. 2017ರಲ್ಲಿ ಪ್ರಕಟವಾದ ದೆಹಲಿಯ ಒಂದು ಅಧ್ಯಯನ ಇದೆ. ಮೋಯ್ರಾ ಡಿಲನ್, ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೋ ಮತ್ತಿತರರು ಪ್ರಥಮ್ ಸಂಸ್ಥೆ ಜೊತೆ ಸೇರಿ 214 ಶಾಲಾಪೂರ್ವ ಕೇಂದ್ರಗಳ 1,540 ಮಕ್ಕಳೊಂದಿಗೆ ಮಾಡಿದ್ದು. ಯಾವುದರಲ್ಲಿ ಜಾಸ್ತಿ ಚುಕ್ಕಿ ಇದೆ, ಯಾವ ಆಕಾರ ಬೇರೆ ಅಂತ ಗುರುತಿಸುವ ಆಟಗಳು. ಒಂದು ವರ್ಷ ಕಳೆದ ಮೇಲೂ ಮಕ್ಕಳಲ್ಲಿ ಆ ಅಂದಾಜಿನ ಶಕ್ತಿ ಉಳಿದಿತ್ತು. ಆದರೆ ಶಾಲೆಯ ಗಣಿತದಲ್ಲಿ ಅವರು ಬೇರೆಯವರಿಗಿಂತ ಮುಂದೆ ಹೋಗಲಿಲ್ಲ. ಆಟದಲ್ಲಿ ಕಂಡದ್ದಕ್ಕೂ ಸ್ಲೇಟಿನ ಮೇಲೆ ಬರೆಯುವ ಅಂಕಿಗೂ ನಡುವೆ ಯಾರಾದರೂ ಸೇತುವೆ ಕಟ್ಟಬೇಕು. ಅದನ್ನು ಮಾತೇ ಕಟ್ಟಬೇಕು ಅಂತ ನನ್ನ ಅಭಿಪ್ರಾಯ.

ಮನೆ ಆಟಗಳಲ್ಲಿ ಆ ಸೇತುವೆ ಅರ್ಧ ಕಟ್ಟೇ ಇದೆ. ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗೆ ಅಂಕಿ ಬರೆದ ಮನೆಗಳಿರುವ ಹಲಗೆ ಆಟ ಆಡಿಸಿದರು. 15–20 ನಿಮಿಷದಂತೆ ನಾಲ್ಕೇ ಸಲ. ಸಂಖ್ಯೆಗಳ ಅರಿವು ಗೊತ್ತಾಗುವಷ್ಟು ಬೆಳೆಯಿತು. ಅಂಕಿಯ ಬದಲು ಬಣ್ಣದ ಮನೆ ಇಟ್ಟು ಆಡಿದ ಮಕ್ಕಳಲ್ಲಿ ಹಾಗಾಗಲಿಲ್ಲ. ನಮ್ಮಲ್ಲಿ ಹಾವು ಏಣಿ ಇದೆ, ಕವಡೆ ಹಾಕಿ ಆಡುವ ಚೌಕಾಬಾರ ಇದೆ. ಅಳಗುಳಿಮಣೆಯಲ್ಲಿ ಹುಣಸೆಬೀಜ ಹಂಚುತ್ತಾ ಹಂಚುತ್ತಾ ಒಂದು ದಿನ ಮಗು ಕೈ ಎತ್ತುವ ಮೊದಲೇ ಕೊನೆಯ ಬೀಜ ಯಾವ ಗುಳಿಗೆ ಬೀಳುತ್ತೆ ಅಂತ ಕಣ್ಣಲ್ಲೇ ಎಣಿಸುತ್ತದೆ. ಆಗ ಪಕ್ಕದಲ್ಲಿದ್ದು ‘ಎಲ್ಲಿಗೆ ಬೀಳುತ್ತೆ? ಹೇಗೆ ಗೊತ್ತಾಯ್ತು?’ ಅಂತ ಕೇಳಿ. ಅಷ್ಟೇ.

ಒಗಟನ್ನೂ ಮರೆಯಬೇಡಿ. ‘ಹಸಿರು ಕೋಟೆ, ಬಿಳಿ ಕೋಟೆ, ಕೆಂಪು ಕೋಟೆ, ಒಳಗೆ ಕಪ್ಪು ಸಿಪಾಯಿಗಳು.’ ಮಗಳು ಮೊದಲು ದಾಳಿಂಬೆ ಅಂದಳು. ‘ಹಸಿರು ಎಲ್ಲಿದೆ?’ ಅಂದೆ. ಪರಂಗಿ ಅಂದಳು. ‘ಬಿಳಿ?’ ಅಂದೆ. ಪ್ರತಿ ಸುಳಿವಿಗೂ ಹೊಂದಿಸಿ, ಹೊಂದದ್ದನ್ನು ಬಿಟ್ಟು, ಕೊನೆಗೆ ಕಲ್ಲಂಗಡಿಗೆ ಬಂದಳು. ಬಟ್ಟೆ ಮಡಿಸುವಾಗ, ತರಕಾರಿ ಬುಟ್ಟಿ ಖಾಲಿ ಮಾಡುವಾಗ, ಬಸ್ಸಿಗೆ ಕಾಯುವಾಗ ಇಂಥದ್ದು ಎಷ್ಟು ಬೇಕಾದರೂ ಸಿಗುತ್ತದೆ. ಕೆಲಸದಿಂದ ಸುಸ್ತಾಗಿ ಬಂದ ಅಪ್ಪ ಅಮ್ಮನಿಗೆ ಗಂಟೆಗಟ್ಟಲೆ ಕೂರಿ ಅನ್ನೋದು ನ್ಯಾಯ ಅಲ್ಲ, ನಾನೂ ದುಡಿಯುವವಳೇ. ಹತ್ತು ನಿಮಿಷ ಸಾಕು, ಆ ಹತ್ತು ನಿಮಿಷ ಫೋನು ಒಳಗಿಟ್ಟಿರಬೇಕು.

ವರ್ಕ್‌ಶೀಟ್ ವಿಷಯಕ್ಕೆ ಬರುತ್ತೇನೆ. ಶಾಲೆಗೆ ಹೋಗಿ ಮಿಸ್ ಹತ್ತಿರ ಮಾತಾಡಿದೆ. ಬಾಗಿಲಿನ ಕಾರಣ ಹೇಳಿದೆ. ಅವರು ಹಾಳೆ ನೋಡಿದರು, ನಕ್ಕರು, ಆಮೇಲೆ ಸ್ವಲ್ಪ ಬೇಜಾರಲ್ಲೇ ಹೇಳಿದರು: ‘ಮೂವತ್ತೆರಡು ಮಕ್ಕಳಿದ್ದಾರೆ ಮೇಡಂ. ದಿನಕ್ಕೆ ನಾಲ್ಕು ಪುಟ ಮುಗಿಸ್ಬೇಕು. ಯಾರನ್ನ ಯಾಕೆ ಅಂತ ಕೇಳ್ಲಿ?’ ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ವಾರಕ್ಕೆ ಒಂದು ದಿನ, ಒಂದೇ ಪುಟ, ಬರೆಯೋದು ಬೇಡ, ಬರೀ ಮಾತಾಡಿಸಿ ನೋಡ್ತೀರಾ ಅಂತ ಕೇಳಿಕೊಂಡೆ. ಶನಿವಾರ ನೋಡ್ತೀನಿ ಅಂದರು.

ಮುಂದಿನ ವಾರ ಗೇಟಿನ ಹತ್ತಿರ ಅವರೇ ಕರೆದರು. ಅದೇ ನಾಲ್ಕು ಚಿತ್ರ ಬೋರ್ಡಿನ ಮೇಲೆ ಬರೆದು ಕೇಳಿದರಂತೆ. ವಿಮಾನ ಅಂದವರು ತುಂಬಾ ಜನ. ಒಬ್ಬಳು ಕಾರು ಅಂದಳಂತೆ, ಉಳಿದ ಮೂರಕ್ಕೂ ದುಡ್ಡು ಕೊಟ್ಟು ಹತ್ತಬೇಕು ಅಂತ. ತಕ್ಷಣ ಹಿಂದಿನ ಬೆಂಚಿಂದ ಶಾಲೆ ಶುರುವಾದಾಗಿನಿಂದ ಬಾಯಿ ಬಿಡದಿದ್ದ ಒಬ್ಬ ಹುಡುಗ ಎದ್ದು ನಿಂತನಂತೆ. ‘ಇಲ್ಲ ಮಿಸ್, ಬಸ್ಸಲ್ಲಿ ನಮ್ಮಮ್ಮ ದುಡ್ಡು ಕೊಡಲ್ಲ. ನಮ್ಮಪ್ಪ ಮಾತ್ರ ಕೊಡ್ತಾರೆ.’